ಅಂಕದ ಆಸೆ ತೋರಿಸಿ ಪುಸ್ತಕ ಹಂಚಬೇಡಿ

2025ರ ಎಸ್ಸೆಸ್ಸೆಲ್ಸಿಯಲ್ಲಿ ದಕ್ಷಿಣ ಕನ್ನಡ ಶೇ. 91.12 ಫಲಿತಾಂಶ ಪಡೆದು ರಾಜ್ಯಕ್ಕೆ ಮೊದಲು ಬಂತು, ಉಡುಪಿ ಎರಡನೆಯದು. ಹಿಂದಿನ ವರ್ಷ ಉಡುಪಿ ಮೊದಲು, ನಾವು ಎರಡನೆಯವರು. ದ್ವಿತೀಯ ಪಿಯುಸಿಯ ಮೊದಲ ಎರಡು ಸ್ಥಾನಗಳೂ ಈ ಎರಡು ಜಿಲ್ಲೆಗಳ ಮನೆಯೊಳಗಿನ ವ್ಯವಹಾರವಾಗಿಬಿಟ್ಟಿವೆ. ಫಲಿತಾಂಶದ ಮರುದಿನ ಬಿ.ಸಿ.ರೋಡ್, ಗುರುವಾಯನಕೆರೆ, ಮೂಡುಬಿದಿರೆ ಪೇಟೆಗಳಲ್ಲಿ ನಗುಮೊಗದ ಮಕ್ಕಳ ಫ್ಲೆಕ್ಸ್‌ಗಳು ಏಳುತ್ತವೆ. ‘ಬುದ್ಧಿವಂತರ ಜಿಲ್ಲೆ’ ಎಂಬ ಹಳೆಯ ಬಿರುದಿನ ಧೂಳು ಒರೆಸಿ ಮತ್ತೊಮ್ಮೆ ತೂಗುಹಾಕುತ್ತೇವೆ. ಅದೇ ಉತ್ಸಾಹದಲ್ಲಿ ಯಾವುದೋ ಸಭೆಯಲ್ಲಿ ಯಾರೋ ಒಬ್ಬರು ಎದ್ದು ಹೇಳಿಯೇ ಹೇಳುತ್ತಾರೆ: ನಮ್ಮ ಮಕ್ಕಳ ಓದುವ ಹವ್ಯಾಸವೇ ಇದಕ್ಕೆ ಕಾರಣ, ಇನ್ನಷ್ಟು ಪುಸ್ತಕ ಓದಿದರೆ ಇನ್ನಷ್ಟು ಅಂಕ. ಸಭೆ ಚಪ್ಪಾಳೆ ತಟ್ಟುತ್ತದೆ.

ಈ ಮಾತು ಸುಳ್ಳು. ಒಳ್ಳೆಯ ಮನಸ್ಸಿನಿಂದ ಹೇಳಿದ ಸುಳ್ಳು ಎಂಬ ಕಾರಣಕ್ಕೆ ಇಷ್ಟು ವರ್ಷ ಅದನ್ನು ಯಾರೂ ಪ್ರಶ್ನಿಸಿಲ್ಲ. ಆದರೆ ಅದರಿಂದ ಪುಸ್ತಕಕ್ಕೂ ಮಕ್ಕಳಿಗೂ ಆಗುತ್ತಿರುವ ಹಾನಿ ಸಣ್ಣದಲ್ಲ.

ಅಂಕ ಎಲ್ಲಿಂದ ಬರುತ್ತದೆಂದು ತಿಳಿಯಬೇಕಿದ್ದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರು ತಾಲೂಕುಗಳ ಯಾವುದಾದರೂ ಹೈಸ್ಕೂಲಿಗೆ ಜನವರಿಯಲ್ಲಿ ಹೋಗಿ ನೋಡಬೇಕು. ಪಾಠಗಳು ಆಗಲೇ ಮುಗಿದಿರುತ್ತವೆ. ಬೆಳಿಗ್ಗೆ ಒಂದು ವಿಶೇಷ ತರಗತಿ, ಸಂಜೆ ಇನ್ನೊಂದು. ಪ್ರಶ್ನೆಪತ್ರಿಕೆಯ ನೀಲನಕ್ಷೆ ಅಧ್ಯಾಪಕರಿಗೆ ಬಾಯಿಪಾಠ: ಯಾವ ಪಾಠದಿಂದ ಎಷ್ಟು ಅಂಕ, ಯಾವ ಪದ್ಯ ಕಂಠಪಾಠಕ್ಕೆ, ಯಾವ ಪ್ರಮೇಯ ಬಂದೇ ಬರುತ್ತದೆ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸಿ ಬಿಡಿಸಿ ಮಕ್ಕಳ ಕೈ ತಾನಾಗಿ ಓಡುತ್ತದೆ. ಹಿಂದುಳಿದವರಿಗೆ ‘ಪಾಸಿಂಗ್ ಪ್ಯಾಕೇಜ್’, ಮುಂದಿರುವವರಿಗೆ ‘ಸ್ಕೋರಿಂಗ್ ಪ್ಯಾಕೇಜ್’. ಮುಂಜಾನೆ ಐದಕ್ಕೆ ಮಕ್ಕಳ ಮನೆಗೆ ಫೋನ್ ಮಾಡಿ ಎಬ್ಬಿಸುವ ಟೀಚರ್‌ಗಳಿದ್ದಾರೆ. ಮನೆಮನೆಗೆ ಹೋಗಿ ತಂದೆತಾಯಿಯರನ್ನು ಕಂಡು ಬರುವ ಮುಖ್ಯೋಪಾಧ್ಯಾಯರಿದ್ದಾರೆ. ಇವರ ದುಡಿಮೆಯನ್ನು ಹಗುರವಾಗಿ ಮಾತಾಡುವ ಹಕ್ಕು ಯಾರಿಗೂ ಇಲ್ಲ. ಬೀಡಿ ಕಟ್ಟುವ ತಾಯಿಯ ಮಗಳು, ರಬ್ಬರ್ ಟ್ಯಾಪಿಂಗ್ ಮಾಡುವ ಅಪ್ಪನ ಮಗ ಪಾಸಾಗಿ ಕಾಲೇಜಿನ ಮೆಟ್ಟಿಲು ಹತ್ತುವುದು ಈ ದುಡಿಮೆಯ ಬಲದಿಂದಲೇ. ಆದರೆ ಈ ಇಡೀ ಏರ್ಪಾಡಿನಲ್ಲಿ ಗ್ರಂಥಾಲಯದ ಪುಸ್ತಕಕ್ಕೆ ಎಲ್ಲಿ ಜಾಗವಿದೆ? ಜನವರಿಯಿಂದ ಏಪ್ರಿಲಿನವರೆಗೆ ಹತ್ತನೇ ತರಗತಿಯ ಮಗು ಪಠ್ಯದಾಚೆಯ ಒಂದು ಪುಟ ತೆರೆದರೂ ಅದು ಕಳ್ಳತನ.

2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂದಾಗ ಅನೇಕ ಜಿಲ್ಲೆಗಳ ಫಲಿತಾಂಶ ಕುಸಿಯಿತು, ನಮ್ಮದು ಮೇಲೆದ್ದಿತು. ಇಲ್ಲಿಯ ಮಕ್ಕಳು ನಕಲು ಹೊಡೆಯುತ್ತಿರಲಿಲ್ಲ ಎಂಬುದಕ್ಕೆ ಅದು ಸಾಕ್ಷಿ, ಹೆಮ್ಮೆಪಡಬೇಕಾದ ವಿಷಯವೇ. ಆದರೆ ಪ್ರಾಮಾಣಿಕವಾಗಿ ಬಾಯಿಪಾಠ ಮಾಡಿದರೂ ಅದು ಬಾಯಿಪಾಠವೇ.

2025ರಲ್ಲಿ ರಾಜ್ಯದಲ್ಲಿ 22 ಮಕ್ಕಳು 625ಕ್ಕೆ 625 ಪಡೆದರು. ಆ ಮಕ್ಕಳ ಶ್ರಮಕ್ಕೆ ಕೈಮುಗಿದೇ ಕೇಳುತ್ತೇನೆ: ಮೂರು ಭಾಷೆಗಳ ಪತ್ರಿಕೆಗಳಲ್ಲಿ, ಪ್ರಬಂಧ, ಪತ್ರಲೇಖನ, ಪದ್ಯದ ಸ್ವಾರಸ್ಯ ಎಲ್ಲವೂ ಸೇರಿ, ಒಂದೇ ಒಂದು ಅಂಕವೂ ಕಳೆಯದಿರುವುದು ಹೇಗೆ ಸಾಧ್ಯ? ಶಿವರಾಮ ಕಾರಂತರು ಪ್ರಬಂಧ ಬರೆದು ಕೊಟ್ಟರೂ ಒಬ್ಬ ಮೌಲ್ಯಮಾಪಕರು ಅರ್ಧ ಅಂಕ ಕಡಿಮೆ ಕೊಡುತ್ತಿದ್ದರು, ಇನ್ನೊಬ್ಬರು ಜಗಳಕ್ಕೆ ನಿಲ್ಲುತ್ತಿದ್ದರು. ಬರವಣಿಗೆಯ ಗುಣವೇ ಅದು. ಪೂರ್ಣಾಂಕ ಸಿಗಬೇಕಿದ್ದರೆ ಬರೆದ ಉತ್ತರ ಮೊದಲೇ ಸಿದ್ಧವಾಗಿರುವ ಮಾದರಿ ಉತ್ತರಕ್ಕೆ ಅಂಟಿಕೊಂಡಿರಬೇಕು. ಹತ್ತಾರು ಕಾದಂಬರಿ ಓದಿದ ಹುಡುಗಿಯ ತಲೆಯಲ್ಲಿ ಬೇರೆ ವಾಕ್ಯಗಳು ಓಡಾಡುತ್ತಿರುತ್ತವೆ. ಅವಳು ಪ್ರಬಂಧವನ್ನು ‘ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ’ ಎಂದು ತುಂಡು ಮಾಡಲು ಮರೆಯಬಹುದು. ನಮ್ಮ ಪರೀಕ್ಷೆಯಲ್ಲಿ ಓದುವ ಅಭ್ಯಾಸವಿರುವುದು ಅನುಕೂಲಕ್ಕಿಂತ ಅಪಾಯವೇ ಹೆಚ್ಚು.

ಇಲ್ಲಿ ಎದುರು ಪಕ್ಷದವರು ಸಂಶೋಧನೆಗಳನ್ನು ಮುಂದಿಡುತ್ತಾರೆ. ಇಡಲಿ. ಬ್ರಿಟನ್ನಿನಲ್ಲಿ 1970ರ ಒಂದೇ ವಾರದಲ್ಲಿ ಹುಟ್ಟಿದ ಸಾವಿರಾರು ಮಕ್ಕಳ ಬದುಕನ್ನು ದಶಕಗಳ ಕಾಲ ಗಮನಿಸಿದ ಅಧ್ಯಯನವೊಂದಿದೆ. ಆಲಿಸ್ ಸಲಿವನ್ ಮತ್ತು ಮ್ಯಾಟ್ ಬ್ರೌನ್ 2013ರಲ್ಲಿ ಅದರ ಮಾಹಿತಿಯನ್ನು ಪರಿಶೀಲಿಸಿ, ಖುಷಿಗಾಗಿ ಓದುತ್ತಿದ್ದ ಮಕ್ಕಳು 10ರಿಂದ 16ರ ಪ್ರಾಯದೊಳಗೆ ಶಬ್ದಸಂಪತ್ತು, ಕಾಗುಣಿತ, ಗಣಿತ ಮೂರರಲ್ಲೂ ಹೆಚ್ಚು ಮುಂದೆ ಹೋದರೆಂದು ತೋರಿಸಿದರು. ಎಲ್ಲಕ್ಕಿಂತ ಹೆಚ್ಚು ಲಾಭ ಕಂಡದ್ದು ಶಬ್ದಸಂಪತ್ತಿನಲ್ಲಿ. ನಾನು ಇದನ್ನು ನಂಬುತ್ತೇನೆ. ಆದರೆ ಅವರು ಅಳೆದದ್ದು ಏನನ್ನು? ಮಕ್ಕಳಿಗೆ ಮೊದಲೇ ಗೊತ್ತಿಲ್ಲದ ಪದಗಳನ್ನು, ಮೊದಲೇ ಬಿಡಿಸಿರದ ಲೆಕ್ಕಗಳನ್ನು. ಆ ಪರೀಕ್ಷೆಗೆ ನೀಲನಕ್ಷೆ ಇರಲಿಲ್ಲ, ಪ್ಯಾಕೇಜ್ ಇರಲಿಲ್ಲ, ಗೈಡ್ ಇರಲಿಲ್ಲ. ನಮ್ಮ ಕನ್ನಡ ಪತ್ರಿಕೆಯಲ್ಲಿ ಮಗು ಹಿಂದೆಂದೂ ನೋಡಿರದ ಗದ್ಯ ಓದಿ ಅರ್ಥ ಮಾಡಿಕೊಳ್ಳಬೇಕಾದ ಪ್ರಶ್ನೆಗೆ ಬೆರಳೆಣಿಕೆಯಷ್ಟು ಅಂಕ. ಬೇರೆ ಜಾತಿಯ ಪರೀಕ್ಷೆಯಲ್ಲಿ ದೊರೆತ ಫಲವನ್ನು ತಂದು ನಮ್ಮ ಅಂಕಪಟ್ಟಿಗೆ ಅಂಟಿಸುವುದು ವಿದ್ವತ್ತಲ್ಲ, ಜಾಹೀರಾತು.

ಇನ್ನೊಂದು ಅಧ್ಯಯನದ ಕಡೆ ನಮ್ಮ ಭಾಷಣಕಾರರು ಕಣ್ಣೆತ್ತಿಯೂ ನೋಡುವುದಿಲ್ಲ. ನೆದರ್ಲೆಂಡ್ಸಿನ ಏಳೂವರೆ ವರ್ಷದ ಹನ್ನೊಂದು ಸಾವಿರಕ್ಕೂ ಹೆಚ್ಚು ಅವಳಿ ಮಕ್ಕಳ ಬಗ್ಗೆ ಎಲ್‌ಶೆ ವಾನ್ ಬರ್ಗನ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ್ದು ಅದು. ಹೆಚ್ಚು ಓದುವುದರಿಂದ ಓದುವ ಸಾಮರ್ಥ್ಯ ಬರುತ್ತದೆಯೋ, ಸಾಮರ್ಥ್ಯ ಇದ್ದವರು ಹೆಚ್ಚು ಓದುತ್ತಾರೆಯೋ ಎಂಬುದು ಪ್ರಶ್ನೆ. ಆ ಪ್ರಾಯದಲ್ಲಿ ಎರಡನೆಯದೇ ನಿಜವೆಂದು ಅವರು ಕಂಡುಕೊಂಡರು. ಸಲೀಸಾಗಿ ಓದಲು ಬಂದವರು ಪುಸ್ತಕ ಹಿಡಿಯುತ್ತಾರೆ, ಅಕ್ಷರ ಕೂಡಿಸಲು ಒದ್ದಾಡುವವರು ಪುಸ್ತಕದಿಂದ ದೂರ ಸರಿಯುತ್ತಾರೆ. ಹಾಗಾದರೆ ‘ಹವ್ಯಾಸ ಬೆಳೆಸಿಕೊಳ್ಳಿ’ ಎಂದು ಮಕ್ಕಳಿಗೆ ಉಪದೇಶಿಸುವುದು ಈಜು ಬಾರದವನನ್ನು ನೇತ್ರಾವತಿಯ ದಡದಲ್ಲಿ ನಿಲ್ಲಿಸಿ ನೀರಿನ ಮಹಿಮೆ ಹೇಳಿದಂತೆ. ಮೊದಲು ಓದಲು ಕಲಿಸಬೇಕು, ಕಲಿಸುವವರು ನಾವು.

ಈ ಪ್ರಶ್ನೆ ನಮ್ಮ ಮೂರು ತಾಲೂಕುಗಳಲ್ಲಿ ಬೇರೆಡೆಗಿಂತ ತೀಕ್ಷ್ಣ. ಜಿಲ್ಲೆಯಲ್ಲಿ ಅರ್ಧದಷ್ಟು ಜನರ ಮನೆಮಾತು ತುಳು. ಉಳಿದವರಲ್ಲಿ ಬ್ಯಾರಿ, ಕೊಂಕಣಿ, ಮಲಯಾಳ, ಮರಾಠಿ. ಕನ್ನಡ ಮನೆಮಾತಾದವರು ಹತ್ತರಲ್ಲಿ ಒಬ್ಬರು ಸಿಕ್ಕರೆ ಹೆಚ್ಚು. ವೇಣೂರಿನ ಅಥವಾ ವಿಟ್ಲದ ಮಗುವಿಗೆ ಕನ್ನಡ ಶಾಲೆಯಲ್ಲಿ ಮೊದಲು ಸಿಗುವ ಭಾಷೆ. ಅದೂ ಈಗ ಇಂಗ್ಲಿಷ್ ಮಾಧ್ಯಮದ ಬಸ್ಸು ಅಂಗಳಕ್ಕೇ ಬಂದ ಮೇಲೆ ಕನ್ನಡ ಒಂದು ‘ಸಬ್ಜೆಕ್ಟ್’. ಇಂಥ ಮಗುವಿನ ಕನ್ನಡ ಬೆಳೆಯಬೇಕಾದರೆ ಕಿವಿಗೆ ಬಿದ್ದ ಮಾತು ಸಾಲದು, ಕಣ್ಣಿಗೆ ಬೀಳುವ ಪುಟಗಳು ಬೇಕು. ಧಾರವಾಡದ ಮಗುವಿಗೆ ಓಣಿಯಲ್ಲಿ ಬಿಟ್ಟಿ ಸಿಗುವ ಪದಗಳು ನಮ್ಮ ಮಗುವಿಗೆ ಕಥೆ ಪುಸ್ತಕದಲ್ಲಿ ಸಿಗಬೇಕು. ‘ಬಾಲಮಂಗಳ’ ಪತ್ರಿಕೆ ಓದಿ ಬೆಳೆದ ಒಂದು ತಲೆಮಾರಿಗೆ ಅದರ ಡಿಂಗ ಕಲಿಸಿದ ಕನ್ನಡವನ್ನು ಯಾವ ವ್ಯಾಕರಣ ಪಾಠವೂ ಕಲಿಸಿರಲಾರದು. ಆ ಪತ್ರಿಕೆಯ ಬಗ್ಗೆ ಮೂಗು ಮುರಿಯುತ್ತಿದ್ದ ಮಾಸ್ಟ್ರುಗಳ ನೆನಪೂ ನನಗಿದೆ.

ಅಂದರೆ ಓದಿಗೂ ಕಲಿಕೆಗೂ ನಂಟು ಇದೆ, ಗಟ್ಟಿಯಾಗಿಯೇ ಇದೆ. ಆ ನಂಟು ಬೇರೂರುವುದು ಒಂದರಿಂದ ಐದನೇ ತರಗತಿಯವರೆಗಿನ ಮಕ್ಕಳಲ್ಲಿ. ಲೆಕ್ಕದ ಪ್ರಶ್ನೆಯನ್ನು ಓದಿ ತಿಳಿದುಕೊಳ್ಳಲಾಗದ ಮಗು ಲೆಕ್ಕದಲ್ಲಿ ದಡ್ಡನೆನಿಸಿಕೊಳ್ಳುತ್ತದೆ. ನಮ್ಮ ಭಾಷಣ, ಪುಸ್ತಕ ಬಹುಮಾನ, ಓದುವ ಸ್ಪರ್ಧೆಗಳೆಲ್ಲ ಬರುವುದು ಎಲ್ಲಿಗೆ? ಹೈಸ್ಕೂಲಿಗೆ, ಅದರಲ್ಲೂ ಹತ್ತನೇ ತರಗತಿಗೆ. ಬೀಜ ಬಿತ್ತುವ ಹೊತ್ತಿನಲ್ಲಿ ಮಲಗಿದ್ದು ಕೊಯ್ಲಿನ ಹೊತ್ತಿಗೆ ಗೊಬ್ಬರ ಹೊತ್ತು ತರುತ್ತೇವೆ.

ಈ ಕರಾವಳಿಯಲ್ಲಿ ಇದನ್ನು ಬಹಳ ಹಿಂದೆಯೇ ಅರಿತಿದ್ದ ಒಬ್ಬರಿದ್ದರು, ಅವರು ಹುಟ್ಟಿದ್ದೇ ಬಂಟ್ವಾಳದಲ್ಲಿ. 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಅಧ್ಯಾಪಕರಾಗಿದ್ದರು, ಶಾಲಾ ಇನ್ಸ್‌ಪೆಕ್ಟರಾಗಿದ್ದರು. ಇನ್ಸ್‌ಪೆಕ್ಟರ್ ಎಂದರೆ ಆ ಕಾಲದಲ್ಲಿ ಮಕ್ಕಳು ನಡುಗುವ ಹುದ್ದೆ, ಬಂದವರು ಪ್ರಶ್ನೆ ಕೇಳಿ ಶಾಲೆಯ ಯೋಗ್ಯತೆ ಅಳೆಯುವವರು. ಅಳೆಯುವ ಕೆಲಸಕ್ಕೆ ಸಂಬಳ ಪಡೆಯುತ್ತಿದ್ದ ಆ ಮನುಷ್ಯ ಮಕ್ಕಳಿಗಾಗಿ ಕಥೆ ಬರೆದರು, ಹಾಡು ಕಟ್ಟಿದರು, ತುಳು ಪಾಡ್ದನದ ಕೋಟಿ ಚೆನ್ನಯರನ್ನು ಕನ್ನಡ ಗದ್ಯಕ್ಕೆ ತಂದರು. ಮನೆಯಲ್ಲಿ ತುಳುವಿನಲ್ಲಿ ಕೇಳಿದ ವೀರರು ಕನ್ನಡ ಪುಸ್ತಕದಲ್ಲಿ ಎದುರಾದಾಗ ಮಗು ಪುಟ ತಿರುಗಿಸದೆ ಇರಲಾರದು. ಪಂಜೆಯವರು 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರೂ ಆದರು, ‘ಕವಿಶಿಷ್ಯ’ ಎಂಬ ಹೆಸರಿನಲ್ಲಿ ಬರೆಯುತ್ತ ಮಕ್ಕಳ ಸಾಹಿತ್ಯದ ದೊಡ್ಡಪ್ಪನಾಗಿಯೇ ಉಳಿದರು. ಅವರ ಬರಹದ ಮೋಹಕ್ಕೆ ಪರೀಕ್ಷೆಯ ಬೆದರಿಕೆ ಬೇಕಿರಲಿಲ್ಲ. ಇಂದು ಬಂಟ್ವಾಳದಲ್ಲಿ ಅವರ ಹೆಸರು ಎತ್ತುವುದು ರಸಪ್ರಶ್ನೆಯಲ್ಲಿ: ‘ಕವಿಶಿಷ್ಯ ಯಾರ ಕಾವ್ಯನಾಮ? ಒಂದು ಅಂಕ.’

ಅಂಕದ ಮಾತಿನಿಂದ ಆಗುವ ಮೊದಲ ಹಾನಿ ಇದೇ. ಪುಸ್ತಕದ ಬೆಲೆಯನ್ನು ಅಂಕಪಟ್ಟಿಯಿಂದ ಅಳೆಯಬಹುದು ಎಂಬ ನಿಯಮವನ್ನು ವೇದಿಕೆಯ ಮೇಲಿನವರೇ ಒಪ್ಪಿಕೊಟ್ಟಾಗಿದೆ. ಇನ್ನು ಮನೆಯಲ್ಲಿ ತಾಯಿ ಹೇಳುತ್ತಾಳೆ, ‘ಆ ಪೊಟ್ಟು ಕಥೆ ಪುಸ್ತಕ ಬದಿಗಿಡು ಮಗಾ, ಮೊನ್ನೆ ಟೆಸ್ಟಿನಲ್ಲಿ ಎಷ್ಟು ಬಂತು ನೋಡು.’ ಅವಳನ್ನು ಅನಾಗರಿಕಳೆಂದು ಬೈಯುವ ಬಾಯಿ ನಮಗಿಲ್ಲ. ನಾವು ಕೊಟ್ಟ ತಕ್ಕಡಿಯಲ್ಲೇ ಅವಳು ತೂಗಿದ್ದಾಳೆ, ಮತ್ತು ಲೆಕ್ಕದಲ್ಲಿ ನಮಗಿಂತ ಅವಳೇ ಸರಿ. ಗಣಿತದಲ್ಲಿ ಹತ್ತು ಅಂಕ ಕಡಿಮೆಯಾದರೆ ಕಾದಂಬರಿ ಓದಿ ಅದನ್ನು ತುಂಬಿಸಲಾಗದು, ನಾಲ್ಕು ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿದರೆ ತುಂಬುತ್ತದೆ. ಮಗುವೂ ಇದನ್ನು ಹತ್ತನೇ ತರಗತಿಯೊಳಗೆ ಕಂಡುಕೊಳ್ಳುತ್ತದೆ. ದೊಡ್ಡವರು ಹೇಳಿದ್ದು ಸುಳ್ಳೆಂದು ತಿಳಿದಾಗ ಪುಸ್ತಕವನ್ನೂ ಆ ಸುಳ್ಳಿನ ಜೊತೆಗೇ ಬಿಸಾಡುತ್ತದೆ. ತೊಂಬತ್ತೈದು ಪರ್ಸೆಂಟ್ ಪಡೆದು ಡಿಗ್ರಿಗೆ ಬಂದು, ಮುನ್ನೂರು ಪುಟದ ಒಂದು ಪುಸ್ತಕವನ್ನು ತುದಿಮುಟ್ಟ ಓದಲಾರದ ವಿದ್ಯಾರ್ಥಿಗಳು ನಮ್ಮ ಕಾಲೇಜುಗಳಲ್ಲಿ ತುಂಬಿದ್ದಾರೆ. ಅವರಿಗೆ ಪಾಠ ಮಾಡುವವರನ್ನು ಕೇಳಿ ನೋಡಿ.

ಎರಡನೆಯ ಹಾನಿ ಗ್ರಂಥಾಲಯಗಳಿಗೆ. 1965ರ ಗ್ರಂಥಾಲಯ ಕಾಯಿದೆಯ ಪ್ರಕಾರ ನಾವು ಕಟ್ಟುವ ಮನೆ ತೆರಿಗೆಯ ಜೊತೆ ನೂರಕ್ಕೆ ಆರು ರೂಪಾಯಿ ಗ್ರಂಥಾಲಯ ಕರ ಸೇರಿರುತ್ತದೆ. ಪಂಚಾಯತ್ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು, 2020ರಲ್ಲಿ ‘ಓದುವ ಬೆಳಕು’ ಎಂದು ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು, ಈಗ ಅವುಗಳ ಹೆಸರು ಅರಿವು ಕೇಂದ್ರ. ಕೆಲಸ ಒಳ್ಳೆಯದೇ. ಆದರೆ ಗ್ರಂಥಾಲಯವನ್ನು ಊರಿನವರಿಗೆ ಒಪ್ಪಿಸಬೇಕಾದಾಗ ಮತ್ತೆ ಅದೇ ಮಾತು: ಸ್ಪರ್ಧಾತ್ಮಕ ಪರೀಕ್ಷೆಗೆ ಸಹಾಯ, ಸಿಇಟಿಗೆ ಸಹಾಯ. ಕಪಾಟಿನಲ್ಲಿ ಸಾಮಾನ್ಯ ಜ್ಞಾನದ ಗೈಡುಗಳು ಮುಂದಕ್ಕೆ ಬರುತ್ತವೆ, ಕಥೆಗಳು ಹಿಂದಕ್ಕೆ ಸರಿಯುತ್ತವೆ. ಅಂಕಕ್ಕಾಗಿಯೇ ಗ್ರಂಥಾಲಯವೆಂದಾದರೆ ಕೋಚಿಂಗ್ ಸೆಂಟರ್ ಅದನ್ನು ಇನ್ನೂ ಚೆನ್ನಾಗಿ ಮಾಡುತ್ತದೆ. ಆಮೇಲೆ ಗ್ರಂಥಪಾಲಕರಿಗೆ ನೆಟ್ಟಗೆ ಸಂಬಳ ಯಾಕೆ ಕೊಡಬೇಕೆಂದು ಯಾರಾದರೂ ಕೇಳಿದರೆ ನಮ್ಮ ಬಳಿ ಉತ್ತರವಿರುವುದಿಲ್ಲ.

ಶಾಲೆಯ ಗ್ರಂಥಾಲಯದ ಸ್ಥಿತಿ ಇನ್ನೂ ವಿಚಿತ್ರ. ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಗಾಜಿನ ಕಪಾಟು, ಅದಕ್ಕೆ ಬೀಗ. ಹೊರಗಿನಿಂದ ಪುಸ್ತಕಗಳ ಬೆನ್ನು ಕಾಣುತ್ತದೆ. ಇದಕ್ಕೊಂದು ಚರಿತ್ರೆಯ ಜೋಡಿ ಮೂಡುಬಿದಿರೆಯಲ್ಲೇ ಇದೆ. ವೀರಸೇನಾಚಾರ್ಯರ ಧವಲ ಟೀಕೆ ಮತ್ತು ಅದರ ಜೊತೆಯ ಜೈನ ಸಿದ್ಧಾಂತ ಗ್ರಂಥಗಳ ತಾಳೆಗರಿ ಪ್ರತಿಗಳು, ಹಳಗನ್ನಡ ಲಿಪಿಯಲ್ಲಿ ಬರೆದವು, ಇಲ್ಲಿಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ಉಳಿದವು. ಬೇರೆಲ್ಲೂ ಉಳಿಯದಿದ್ದದ್ದನ್ನು ಕಾಪಾಡಿದ ಪುಣ್ಯ ಈ ಊರಿನದು. ಯಾತ್ರಿಕರು ದೂರದೂರದಿಂದ ಬಂದು ಆ ಗರಿಗಳ ದರ್ಶನ ಮಾಡಿ ಕೈಮುಗಿದು ಹೋಗುತ್ತಿದ್ದರು. ಒಳಗೆ ಏನು ಬರೆದಿದೆಯೆಂದು ಓದುವವರು ಮಾತ್ರ ಇಲ್ಲವಾಗಿದ್ದರು. 19ನೇ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕೆಲಸ ಶುರುವಾಗಿ, ಪ್ರತಿ ಬರೆಯುತ್ತಿದ್ದ ಗಜಪತಿ ಉಪಾಧ್ಯಾಯರು ಗುಟ್ಟಾಗಿ ಮಾಡಿಕೊಂಡ ಇನ್ನೊಂದು ಪ್ರತಿ ಉತ್ತರದ ಸಹಾರನ್‌ಪುರ ಸೇರಿತು. ಹೀರಾಲಾಲ್ ಜೈನರು ಸಂಪಾದಿಸಿದ ಮೊದಲ ಸಂಪುಟ ಅಚ್ಚಾದದ್ದು 1939ರಲ್ಲಿ, ಮುಂದೆ ಅದು 16 ಸಂಪುಟಗಳಾಯಿತು. ಕಾಪಾಡಿದವರ ಭಕ್ತಿ ದೊಡ್ಡದು, ಸಂಶಯವಿಲ್ಲ. ಆದರೆ ಆ ಗ್ರಂಥಕ್ಕೆ ಮತ್ತೆ ಜೀವ ಬಂದದ್ದು ನಿಯಮ ಮೀರಿ ಅದನ್ನು ಹೊರಗೆ ತಂದವರಿಂದ, ಒಳಗೇನಿದೆ ಎಂದು ತಿಳಿಯಲೇಬೇಕೆಂದು ಹಟ ಹಿಡಿದವರಿಂದ. ಆ ಹಟಕ್ಕೆ ಯಾರೂ ಅಂಕ ಕೊಡಲಿಲ್ಲ.

ಅಂಕವಿಲ್ಲದೆ ಓದು ಬೆಳೆದ ಉದಾಹರಣೆ ಹುಡುಕಿ ದೂರ ಹೋಗಬೇಕಾಗಿಲ್ಲ. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದ ಯಕ್ಷಗಾನ ಮೇಳದಲ್ಲಿ ದೀರ್ಘಕಾಲ ವೇಷ ಕಟ್ಟಿದ ಕುಂಬಳೆ ಸುಂದರ ರಾಯರ ಮನೆಮಾತು ಮಲಯಾಳ, ಶಾಲೆಯ ವಿದ್ಯೆ ಕೊಂಚವೇ. ರಂಗದಲ್ಲಿ ಅವರಾಡುತ್ತಿದ್ದ ಪ್ರಾಸಬದ್ಧ ಕನ್ನಡವನ್ನು ಕೇಳಲು ಪದವೀಧರರು ರಾತ್ರಿಯಿಡೀ ಕೂರುತ್ತಿದ್ದರು. 1994ರಲ್ಲಿ ಸುರತ್ಕಲ್‌ನಿಂದ ಶಾಸಕರೂ ಆದರು. ತಾಳಮದ್ದಳೆಯ ಅರ್ಥಧಾರಿಗಳಲ್ಲಿ ಇಂಥವರು ಎಷ್ಟೋ ಮಂದಿ. ನಾಳೆ ಎದುರಿನವನ ಪ್ರಶ್ನೆಗೆ ಉತ್ತರಿಸಬೇಕೆಂಬ ಒಂದೇ ಭಯಕ್ಕೆ, ಅಲ್ಲ, ಆಸೆಗೆ ಪುರಾಣ ಕಾವ್ಯಗಳನ್ನು ತಿರುವಿ ಹಾಕಿದವರು. ಇತ್ತ ಕಣ್ಣೂರಿನ ಬೀಡಿ ಶೆಡ್ಡುಗಳಲ್ಲಿ ಒಬ್ಬರು ಗಟ್ಟಿಯಾಗಿ ಪತ್ರಿಕೆ, ಪುಸ್ತಕ ಓದುತ್ತಿದ್ದರೆ ಉಳಿದವರು ಕೇಳುತ್ತ ಅವರ ಪಾಲಿನ ಬೀಡಿಯನ್ನೂ ಸೇರಿಸಿ ಕಟ್ಟಿಕೊಡುತ್ತಿದ್ದರು. ಯಾವ ಪರೀಕ್ಷೆಗೆ ಕುಳಿತಿದ್ದರು ಅವರೆಲ್ಲ? ಬಂಟ್ವಾಳದಲ್ಲೂ ಬೀಡಿ ಕಟ್ಟಿದರು, ಕಟ್ಟುತ್ತಿದ್ದಾರೆ. ಆದರೆ ಇಲ್ಲಿ ಮನೆಮನೆಯ ಜಗಲಿಯಲ್ಲಿ ಒಬ್ಬೊಬ್ಬರಾಗಿ ಕಟ್ಟುವುದರಿಂದ ಓದುವವರನ್ನು ಸಾಕುವ ಬಳಗ ಹುಟ್ಟಲಿಲ್ಲ, ರೇಡಿಯೋ ಆ ಜಾಗ ತುಂಬಿತು.

ಮೊಬೈಲಿನಿಂದ ಓದು ಹಾಳಾಯಿತು ಎನ್ನುವವರಿಗೆ ಹೆಚ್ಚು ಹೇಳುವುದಿಲ್ಲ. ಮೊಬೈಲ್ ಬರುವ ಮೊದಲೇ ಕಪಾಟಿಗೆ ಬೀಗ ಬಿದ್ದಿತ್ತು. ವೇಳಾಪಟ್ಟಿಯಲ್ಲಿದ್ದ ಗ್ರಂಥಾಲಯದ ಅವಧಿಯನ್ನು ನುಂಗಿದ್ದು ಗಣಿತದ ವಿಶೇಷ ತರಗತಿ, ವಾಟ್ಸಾಪ್ ಅಲ್ಲ.

‘ಅಂಕವೂ ಬೇಡ ಎಂದರೆ ಮಕ್ಕಳಿಗೆ ಓದಲು ಯಾವ ಕಾರಣ ಹೇಳಬೇಕು ಮಾರಾಯ್ರೆ?’ ಎಂದು ಸ್ನೇಹಿತರೊಬ್ಬರು ಕೇಳಿದರು. ಕಾರಣ ಹೇಳಲೇಬೇಡಿ ಎಂಬುದು ನನ್ನ ಉತ್ತರ. ಚೆಂಡಾಡಲು, ಯಕ್ಷಗಾನಕ್ಕೆ, ಕಂಬಳಕ್ಕೆ ಹೋಗಲು ನಾವು ಕಾರಣ ಹೇಳುತ್ತೇವೆಯೇ? ಅಂಕದ ಹಂಗಿನಿಂದ ಬಿಡಿಸಿದರೆ ಪುಸ್ತಕ ತನ್ನ ಆಕರ್ಷಣೆಯನ್ನು ತಾನೇ ನೋಡಿಕೊಳ್ಳುತ್ತದೆ. ನಾವು ಮಾಡಬೇಕಾದದ್ದು ಮಗುವಿಗೂ ಪುಸ್ತಕಕ್ಕೂ ನಡುವೆ ನಿಂತಿರುವ ಅಡ್ಡಿಗಳನ್ನು ತೆಗೆಯುವುದಷ್ಟೇ, ಅವು ಯಾವುವೆಂದು ಶಾಲೆಯ ಒಳಗಿರುವವರಿಗೆ ಚೆನ್ನಾಗಿ ಗೊತ್ತು.

ಆ ಅಡ್ಡಿಗಳಲ್ಲಿ ದೊಡ್ಡದು ಭಯ. ಪುಸ್ತಕ ಕಳೆದರೆ ದಾಸ್ತಾನು ಪುಸ್ತಕದಲ್ಲಿ ಲೆಕ್ಕ ತಪ್ಪುತ್ತದೆ. ಲೆಕ್ಕ ತಪ್ಪಿದರೆ ವರ್ಗಾವಣೆಯ ಹೊತ್ತಿಗೆ ಚಾರ್ಜ್ ಒಪ್ಪಿಸುವ ಅಧ್ಯಾಪಕರ ಕಿಸೆಗೆ ಕೈ ಬೀಳುತ್ತದೆ. ಬೀಗದ ನಿಜವಾದ ಕಾರಣ ಇದು, ಅಧ್ಯಾಪಕರ ಸೋಮಾರಿತನವಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ಪ್ರತ್ಯೇಕ ಶೈಕ್ಷಣಿಕ ವಲಯಗಳು, ಮೂರಕ್ಕೂ ಒಬ್ಬೊಬ್ಬ ಕ್ಷೇತ್ರ ಶಿಕ್ಷಣಾಧಿಕಾರಿ ಇದ್ದಾರೆ. ಫಲಿತಾಂಶದ ಪರಿಶೀಲನಾ ಸಭೆಯಲ್ಲಿ ಅವರು ಶಾಲೆವಾರು ಶೇಕಡಾವಾರು ಕೇಳುವುದು ರೂಢಿ. ಅದರ ಜೊತೆ ಇನ್ನೆರಡು ಕೇಳಲಿ: ನಾಲ್ಕನೇ ತರಗತಿಯಲ್ಲಿ ತಡೆಯದೆ ಓದಲು ಬಾರದ ಮಕ್ಕಳು ಎಷ್ಟು, ಈ ವರ್ಷ ಮಕ್ಕಳ ಕೈಯಲ್ಲಿ ಹರಿದು, ನೆನೆದು, ಕಳೆದು ಹೋದ ಪುಸ್ತಕಗಳು ಎಷ್ಟು. ಎರಡನೆಯದಕ್ಕೆ ‘ಒಂದೂ ಇಲ್ಲ ಸರ್’ ಎಂಬ ಉತ್ತರ ಬಂದ ಶಾಲೆಗೆ ನೋಟಿಸ್ ಕೊಡಲಿ.